ಶುಕ್ರವಾರ ಸಂಜೆ ಮಾಲ್ ಬಾಗಿಲಲ್ಲಿ ಮಕ್ಕಳನ್ನು ತಡೆದರೆ: ವಕೀಲರೊಬ್ಬರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ನ್ಯೂಜೆರ್ಸಿಯ ಎಡಿಸನ್‌ನ ಒಬ್ಬ ತಾಯಿ): ನಮಸ್ತೆ ಮೇಡಂ. ನನ್ನ ಮಗಳಿಗೆ 16 ವರ್ಷ. ಹೋದ ಶುಕ್ರವಾರ ಸಂಜೆ ಮೂವರು ಗೆಳತಿಯರ ಜೊತೆ ಒಂದು ಮಾಲ್‌ಗೆ ಹೋಗಿದ್ದಳು. ಗೆಳತಿಯ ಹುಟ್ಟುಹಬ್ಬಕ್ಕೆ ಏನೋ ಕೊಳ್ಳಬೇಕಿತ್ತು. ಬಾಗಿಲಲ್ಲೇ ಸೆಕ್ಯುರಿಟಿಯವರು ತಡೆದು ಐಡಿ ಕೇಳಿದ್ದಾರೆ. ಇವಳ ಹತ್ತಿರ ಇದ್ದದ್ದು ಸ್ಕೂಲ್ ಐಡಿ, ಅದರಲ್ಲಿ ಹುಟ್ಟಿದ ತಾರೀಕೇ ಇಲ್ಲ. ದೊಡ್ಡವರು ಜೊತೆಗಿದ್ದರೆ ಮಾತ್ರ ಒಳಗೆ ಬಿಡುತ್ತೇವೆ ಎಂದರಂತೆ. ನಾನು ಅವರನ್ನು ಇಳಿಸಿ ಆಗಲೇ ಹೈವೇ ಹತ್ತಿದ್ದೆ. ತಿರುಗಿ ಬರುವವರೆಗೂ ನಾಲ್ಕೂ ಹುಡುಗಿಯರು ಕತ್ತಲಲ್ಲಿ, ಚಳಿಯಲ್ಲಿ ಪಾರ್ಕಿಂಗ್ ಲಾಟ್‌ನಲ್ಲಿ ನಿಂತಿದ್ದರು. ಮಕ್ಕಳು ಏನೂ ತಪ್ಪು ಮಾಡಿರಲಿಲ್ಲ. ಬರೀ ವಯಸ್ಸು ನೋಡಿ ಹೀಗೆ ಹೊರಗೆ ನಿಲ್ಲಿಸೋದಕ್ಕೆ ಕಾನೂನು ಒಪ್ಪುತ್ತದಾ?

ಉತ್ತರ: ನಮಸ್ತೆ. ನೇರವಾಗಿ ಹೇಳಿಬಿಡುತ್ತೇನೆ, ಒಪ್ಪುತ್ತದೆ. ಮಾಲ್ ಎಷ್ಟೇ ದೊಡ್ಡದಿರಲಿ, ಅದು ಖಾಸಗಿ ಜಾಗ. ಯಾರು ಯಾವಾಗ ಬರಬಹುದು ಎಂದು ಮಾಲೀಕರು ನಿಯಮ ಮಾಡಬಹುದು. 1964ರ ಸಿವಿಲ್ ರೈಟ್ಸ್ ಆಕ್ಟ್ ಹೋಟೆಲ್, ರೆಸ್ಟೋರೆಂಟ್, ಥಿಯೇಟರ್‌ನಂಥ ಜಾಗಗಳಲ್ಲಿ ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡಿ ಯಾರನ್ನೂ ಹೊರಗಿಡಬಾರದು ಎನ್ನುತ್ತದೆ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ.

ಈ ನಿಯಮ ಹೊಸದೂ ಅಲ್ಲ. ಮಿನೆಸೋಟದ ಮಾಲ್ ಆಫ್ ಅಮೆರಿಕ ಬಾಗಿಲು ತೆರೆದದ್ದು 1992ರಲ್ಲಿ. ನಾಲ್ಕೇ ವರ್ಷಕ್ಕೆ, 1996ರ ಅಕ್ಟೋಬರ್‌ನಲ್ಲಿ, ಶುಕ್ರವಾರ ಮತ್ತು ಶನಿವಾರ ಸಂಜೆ 16 ವರ್ಷದೊಳಗಿನ ಮಕ್ಕಳ ಜೊತೆ ದೊಡ್ಡವರು ಇರಲೇಬೇಕು ಎಂದು ನಿಯಮ ತಂದರು. ಕೋವಿಡ್ ನಂತರ ಬೇರೆ ಬೇರೆ ರಾಜ್ಯಗಳ ಮಾಲ್‌ಗಳು ಇದೇ ದಾರಿ ಹಿಡಿದವು. ನಮ್ಮ ನ್ಯೂಜೆರ್ಸಿಯಲ್ಲಿ ಪ್ಯಾರಾಮಸ್‌ನ ಗಾರ್ಡನ್ ಸ್ಟೇಟ್ ಪ್ಲಾಜಾ 2023ರ ಏಪ್ರಿಲ್ ಕೊನೆಯಲ್ಲಿ ಶುರು ಮಾಡಿತು. ಅಲ್ಲಿ ಶುಕ್ರವಾರ, ಶನಿವಾರ ಸಂಜೆ 5ರ ನಂತರ 18 ತುಂಬದವರ ಜೊತೆ 21 ತುಂಬಿದವರೊಬ್ಬರು ಇರಬೇಕು. ಪ್ಯಾರಾಮಸ್‌ನಲ್ಲಿ ಭಾನುವಾರ ಮಾಲ್‌ನ ಅಂಗಡಿಗಳೇ ಮುಚ್ಚಿರುತ್ತವೆ, ಭಾನುವಾರದ ವ್ಯಾಪಾರ ತಡೆಯುವ ಹಳೇ ಬ್ಲೂ ಲಾ ಅಲ್ಲಿ ಇನ್ನೂ ಜಾರಿಯಲ್ಲಿದೆ. ಅಂದರೆ ಅಲ್ಲಿನ ಮಕ್ಕಳಿಗೆ ವಾರಾಂತ್ಯದ ಸಂಜೆ ಎಂದು ಉಳಿಯುವುದೇ ಆ ಎರಡು, ಅವೆರಡೂ ಹೋದವು.

ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಕಾಡಿದ್ದು ಆ ಪಾರ್ಕಿಂಗ್ ಲಾಟ್. ಒಳಗೆ ಬಿಡುವುದಿಲ್ಲ ಎನ್ನುವ ಹಕ್ಕು ಅವರಿಗಿದೆ, ಸರಿ. ಹದಿನಾರರ ಹುಡುಗಿಯರನ್ನು ಕತ್ತಲಲ್ಲಿ ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುವುದು ಮಾತ್ರ ಸರಿಯಲ್ಲ. ಮಾಲ್ ಮ್ಯಾನೇಜ್‌ಮೆಂಟ್‌ಗೆ ಇಮೇಲ್ ಬರೆಯಿರಿ. ನಿಯಮ ತೆಗೆಯಿರಿ ಎಂದು ಬರೆಯಬೇಡಿ, ಅವರು ಕೇಳುವುದಿಲ್ಲ. ಮನೆಯವರು ಬರುವವರೆಗೆ ಮಕ್ಕಳು ಬಾಗಿಲ ಒಳಗೆ, ಬೆಳಕಿನಲ್ಲಿ ಕೂರಲು ಜಾಗ ಕೊಡಿ ಎಂದು ಕೇಳಿ. ಆ ದಿನ, ಆ ಹೊತ್ತು, ಯಾವ ಬಾಗಿಲು, ಎಷ್ಟು ಹೊತ್ತು ನಿಂತಿದ್ದರು, ಎಲ್ಲಾ ಬರೆಯಿರಿ. ಇಂಥ ಪತ್ರಕ್ಕೆ ಉತ್ತರ ಕೊಡದೆ ಇರುವುದು ಅವರಿಗೂ ಕಷ್ಟ. ಒಂದು ಮಗುವಿಗೆ ಹೊರಗೆ ಏನಾದರೂ ಆದರೆ ಮೊದಲು ಹೊರಗೆ ಬರುವ ಕಾಗದ ಅದೇ.

ಪ್ರಶ್ನೆ (ಪಾರ್ಸಿಪನಿಯ ಒಬ್ಬ ತಂದೆ): ನಮ್ಮ ಮಗನಿಗೆ 17, ಲೈಸೆನ್ಸ್ ಬಂದಿದೆ, ಅವನೇ ಕಾರು ಓಡಿಸುತ್ತಾನೆ. ಹೈವೇಯಲ್ಲಿ ಕಾರು ಓಡಿಸಬಹುದಂತೆ, ಮಾಲ್‌ನಲ್ಲಿ ಒಂದು ಟೀ ಶರ್ಟ್ ಕೊಳ್ಳೋಕೆ ಅಪ್ಪ ಬರಬೇಕಂತೆ ಎಂದು ಕೂಗಾಡುತ್ತಾನೆ. ತಡೆದರೆ ವಾದ ಮಾಡ್ತೀನಿ ಅಂತಾನೆ. ವಾದ ಮಾಡಿದರೆ ಏನಾಗುತ್ತದೆ?

ಉತ್ತರ: ಅವನ ಸಿಟ್ಟು ನನಗೆ ಅರ್ಥವಾಗುತ್ತದೆ, ಮಾತಿನಲ್ಲಿ ನ್ಯಾಯವೂ ಇದೆ. ಆದರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವನಿಗೆ ಒಂದು ವಿಷಯ ಬಿಡಿಸಿ ಹೇಳಿ.

ಮಾಲ್ ನಿಯಮ ಮುರಿಯುವುದು ಅಪರಾಧ ಅಲ್ಲ. ಹೊರಡು ಎಂದ ಮೇಲೂ ಹೊರಡದೆ ನಿಲ್ಲುವುದು ಅಪರಾಧ. ನ್ಯೂಜೆರ್ಸಿಯಲ್ಲಿ ಇದಕ್ಕೆ ಡಿಫೈಯೆಂಟ್ ಟ್ರೆಸ್‌ಪಾಸ್ ಎನ್ನುತ್ತಾರೆ, ಸೆಕ್ಷನ್ 2ಸಿ:18-3. ಶಿಕ್ಷೆಯ ಲೆಕ್ಕದಲ್ಲಿ ಇದು ಚಿಕ್ಕದು, ಪೆಟಿ ಡಿಸಾರ್ಡರ್ಲಿ ಪರ್ಸನ್ಸ್ ಅಫೆನ್ಸ್. ಆದರೆ ನಾನು ಜುವೆನೈಲ್ ಕೇಸ್‌ಗಳನ್ನೇ, ಅಂದರೆ 18 ತುಂಬದವರ ಕೇಸ್‌ಗಳನ್ನೇ ನೋಡುವವಳು. ಚಿಕ್ಕ ಜಗಳ ದೊಡ್ಡದಾಗುವ ರೀತಿ ಹೀಗಿರುತ್ತದೆ. ಸೆಕ್ಯುರಿಟಿಯವನು ಹೋಗು ಎನ್ನುತ್ತಾನೆ. ಹುಡುಗ ಫೋನ್ ತೆಗೆದು ವಿಡಿಯೋ ಶುರು ಮಾಡುತ್ತಾನೆ. ಗೆಳೆಯರು ಸುತ್ತ ಸೇರುತ್ತಾರೆ. ಯಾರೋ ಯಾರನ್ನೋ ತಳ್ಳುತ್ತಾರೆ. ಪೊಲೀಸ್ ಬರುತ್ತಾರೆ. ಆಮೇಲೆ ಕಾಗದದಲ್ಲಿ ಬರುವುದು ಬರೀ ಟ್ರೆಸ್‌ಪಾಸ್ ಅಲ್ಲ, ಹಲ್ಲೆ, ಅರೆಸ್ಟ್‌ಗೆ ಅಡ್ಡಿ, ಏನೇನೋ.

ನಮ್ಮವರಲ್ಲಿ ಎಷ್ಟೋ ಮಕ್ಕಳು ಎಚ್-4ನಲ್ಲಿ, ಅಂದರೆ ಕೆಲಸಕ್ಕೆ ಬಂದ ಅಪ್ಪ ಅಮ್ಮನ ಜೊತೆ ಬರುವ ಕುಟುಂಬದ ವೀಸಾದಲ್ಲಿ ಇದ್ದಾರೆ, ಗ್ರೀನ್ ಕಾರ್ಡ್‌ಗೆ ಕಾಯುತ್ತಿದ್ದಾರೆ. ಜುವೆನೈಲ್ ಕೋರ್ಟ್‌ನ ತೀರ್ಪನ್ನು ಇಮಿಗ್ರೇಷನ್ ಕಾನೂನು ಕನ್ವಿಕ್ಷನ್ (ಅಪರಾಧ ಸಾಬೀತಾಗಿದೆ) ಎಂದು ಲೆಕ್ಕ ಹಾಕುವುದಿಲ್ಲ, ಇದು ಸಮಾಧಾನದ ಮಾತು. ಆದರೆ ಗ್ರೀನ್ ಕಾರ್ಡ್ ಅರ್ಜಿಯಲ್ಲೂ ಸಿಟಿಜನ್‌ಶಿಪ್ ಅರ್ಜಿಯಲ್ಲೂ ಎಂದಾದರೂ ಅರೆಸ್ಟ್ ಆಗಿದ್ದೀರಾ ಎಂಬ ಪ್ರಶ್ನೆ ಇದ್ದೇ ಇದೆ. ನಿಜ ಬರೆಯಬೇಕು, ಕಾಗದ ಜೋಡಿಸಬೇಕು. 18 ತುಂಬಿದ ಮೇಲೆ ಈ ರಿಯಾಯಿತಿಯೂ ಇಲ್ಲ.

ಅದಕ್ಕೆ ಮಗನಿಗೆ ಹೇಳಿ: ಸರಿ ಸರ್ ಅನ್ನು, ಹೊರಗೆ ಬಾ, ಅಪ್ಪನಿಗೆ ಫೋನ್ ಮಾಡು. ಅನ್ಯಾಯ ಅನ್ನಿಸಿದರೆ ಮನೆಗೆ ಬಂದು ಬರೆದಿಡು. ವಾದ ಮಾಡುವುದು ನನ್ನಂಥವರ ಕೆಲಸ, ಅವನದಲ್ಲ.

ಇನ್ನೊಂದು. ಸೆಕ್ಯುರಿಟಿಯವರು ಪೊಲೀಸ್ ಅಲ್ಲ. ಅಂಗಡಿ ಕಳ್ಳತನ ಆಗಿದೆ ಎಂದು ನಂಬಲು ಸರಿಯಾದ ಕಾರಣ ಇದ್ದರೆ ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಬಹುದು, ನ್ಯೂಜೆರ್ಸಿ ಕಾನೂನು ಅಷ್ಟು ಅಧಿಕಾರ ಕೊಟ್ಟಿದೆ. ಸುಮ್ನೆ ವಯಸ್ಸು ಕಡಿಮೆ ಎಂದು ಕೂಡಿಹಾಕುವಂತಿಲ್ಲ. ಫೋನ್ ಅನ್‌ಲಾಕ್ ಮಾಡು ಎಂದರೆ ಮಾಡಬೇಕಾಗಿಲ್ಲ. ಅಮ್ಮ ಅಪ್ಪನಿಗೆ ಫೋನ್ ಮಾಡುತ್ತೇನೆ ಎಂದು ಶಾಂತವಾಗಿ ಹೇಳಿದರೆ ಸಾಕು.

ಪ್ರಶ್ನೆ (ಸಾಮರ್ಸೆಟ್‌ನಿಂದ): ಮೇಡಂ, ಮೈಸೂರಿನಿಂದ ನಮ್ಮ ಅತ್ತೆ ಬಂದಿದ್ದಾರೆ. ನಮಗಿಬ್ಬರಿಗೂ ಶುಕ್ರವಾರ ಸಂಜೆ ಕೆಲಸ. ಅಜ್ಜಿ ಜೊತೆ ಹೋದರೆ ಬಿಡ್ತಾರಾ? ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರೋದಿಲ್ಲ.

ಉತ್ತರ: ಧಾರಾಳವಾಗಿ ಹೋಗಬಹುದು. ಅಪ್ಪ ಅಮ್ಮನೇ ಆಗಬೇಕು ಎಂದೇನಿಲ್ಲ, 21 ತುಂಬಿದ ಜವಾಬ್ದಾರಿಯುತ ವ್ಯಕ್ತಿ ಸಾಕು. ಅಜ್ಜಿಯ ಕೈಯಲ್ಲಿ ಪಾಸ್‌ಪೋರ್ಟ್ ಇರಲಿ, ಮಕ್ಕಳ ಹತ್ತಿರ ಫೋಟೋ ಮತ್ತು ಹುಟ್ಟಿದ ತಾರೀಕು ಎರಡೂ ಇರುವ ಐಡಿ ಇರಲಿ. ಮೋಟಾರ್ ವೆಹಿಕಲ್ ಕಮಿಷನ್‌ನಲ್ಲಿ 14 ತುಂಬಿದವರಿಗೆ ನಾನ್-ಡ್ರೈವರ್ ಐಡಿ ಕೊಡುತ್ತಾರೆ. ಮೇಲೆ ಎಡಿಸನ್‌ನ ತಾಯಿಗೂ ಇದೇ ಸಲಹೆ. ಒಬ್ಬ ದೊಡ್ಡವರ ಜೊತೆ ಎಷ್ಟು ಮಕ್ಕಳು ಎಂಬುದಕ್ಕೂ ಮಿತಿ ಇರುತ್ತದೆ. ಗಾರ್ಡನ್ ಸ್ಟೇಟ್ ಪ್ಲಾಜಾದಲ್ಲಿ ನಾಲ್ವರು. ಅಜ್ಜಿಯನ್ನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರಿಸಿ ಮೊಮ್ಮಕ್ಕಳು ಮೂರನೇ ಮಹಡಿಗೆ ಓಡಿಹೋಗುವುದು ಬೇಡ, ಜೊತೆಯಲ್ಲೇ ಇರಬೇಕು ಎಂಬುದು ನಿಯಮ. ಪಾಪ, ಅವರ ಮಂಡಿ ನೋವನ್ನೂ ನೋಡಿಕೊಂಡು ಕರೆದುಕೊಂಡು ಹೋಗಿ.

ಪ್ರಶ್ನೆ (ಹೆಸರು ಬೇಡ ಎಂದವರು): ಬಿಳಿ ಮಕ್ಕಳ ಗುಂಪು ಸಲೀಸಾಗಿ ಒಳಗೆ ಹೋಯಿತು, ನಮ್ಮ ಹುಡುಗರನ್ನು ಮಾತ್ರ ನಿಲ್ಲಿಸಿದರು ಎಂದು ಮಗ ಹೇಳುತ್ತಾನೆ. ನಂಬಬೇಕಾ?

ಉತ್ತರ: ನಂಬಿ. ಆಮೇಲೆ ವಿವರ ಕೇಳಿ.

ವಯಸ್ಸಿನ ನಿಯಮ ಕಾನೂನುಬದ್ಧ. ಅದನ್ನು ಬಣ್ಣ ನೋಡಿ ಜಾರಿ ಮಾಡುವುದು ಕಾನೂನುಬಾಹಿರ. ಬಾಗಿಲಲ್ಲಿ ಎಲ್ಲರ ಐಡಿಯನ್ನೂ ನೋಡುವ ಪದ್ಧತಿ ನಿಧಾನ, ಕಿರಿಕಿರಿ, ಆದರೆ ನನಗೆ ಅದೇ ಮೇಲು ಅನ್ನಿಸುತ್ತದೆ. ಯಾರನ್ನು ಕೇಳಬೇಕು ಎಂಬುದನ್ನು ಗಾರ್ಡ್‌ನ ಕಣ್ಣಿಗೆ ಬಿಟ್ಟರೆ ಏನಾಗುತ್ತದೆ ಎಂದು ನಮಗೆ ಗೊತ್ತು. ಅದರ ಏಟು ಎಲ್ಲರಿಗಿಂತ ಜಾಸ್ತಿ ಬೀಳುವುದು ಕಪ್ಪು ಮಕ್ಕಳ ಮೇಲೆ. ನಮ್ಮ ಬಾಲಾಜಿ ದೇವಸ್ಥಾನ ಇರುವ ಬ್ರಿಡ್ಜ್‌ವಾಟರ್‌ನಲ್ಲೇ 2022ರ ಫೆಬ್ರವರಿಯಲ್ಲಿ ಏನಾಯಿತು ಎಂದು ನೆನಪಿದೆಯಾ? ಬ್ರಿಡ್ಜ್‌ವಾಟರ್ ಕಾಮನ್ಸ್ ಮಾಲ್‌ನಲ್ಲಿ ಇಬ್ಬರು ಹುಡುಗರು ಹೊಡೆದಾಡಿದರು. ಬಂದ ಪೊಲೀಸರು ಕಪ್ಪು ಹುಡುಗನನ್ನು ನೆಲಕ್ಕೆ ಒತ್ತಿ ಕೋಳ ಹಾಕಿದರು, ತಿಳಿಬಣ್ಣದ ಇನ್ನೊಬ್ಬನನ್ನು ಸೋಫಾದ ಮೇಲೆ ಕೂರಿಸಿದರು. ವಿಡಿಯೋ ಇಡೀ ದೇಶ ನೋಡಿತು. ಇಬ್ಬರೂ ಒಂದೇ ಜಗಳದಲ್ಲಿ ಇದ್ದವರು.

ಹೀಗಾಗಿದೆ ಅನ್ನಿಸಿದರೆ ತಾರತಮ್ಯದ ದೂರುಗಳನ್ನು ನೋಡುವ ನ್ಯೂಜೆರ್ಸಿಯ ಸರ್ಕಾರಿ ಕಚೇರಿ, ಡಿವಿಷನ್ ಆನ್ ಸಿವಿಲ್ ರೈಟ್ಸ್‌ಗೆ ದೂರು ಕೊಡಬಹುದು. ಘಟನೆ ನಡೆದ 180 ದಿನದೊಳಗೆ ಕೊಡಬೇಕು. ಸ್ಕೂಲು, ಪರೀಕ್ಷೆ ಎನ್ನುತ್ತಾ ಆರು ತಿಂಗಳು ಕಳೆದುಹೋಗುತ್ತದೆ, ಆಮೇಲೆ ನನ್ನ ಹತ್ತಿರ ಬರುತ್ತಾರೆ. ಆ ರಾತ್ರಿಯೇ ಬರೆದಿಡಿ.

ಪ್ರತಿಕ್ರಿಯೆ (ಜೆರ್ಸಿ ಸಿಟಿಯಿಂದ): 2024ರ ಜುಲೈನಲ್ಲಿ ಬೆಂಗಳೂರಿನ ಜಿಟಿ ಮಾಲ್‌ನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ ಎಂದು ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತ್ತು. ಇಲ್ಲಿ ಯಾಕೆ ಯಾರೂ ಕೇಳೋದಿಲ್ಲ?

ಉತ್ತರ: ಆ ಸುದ್ದಿ ಓದಿ ನನಗೂ ರಕ್ತ ಕುದಿದಿತ್ತು. ಮಗ ಅಪ್ಪನನ್ನು ಸಿನಿಮಾ ತೋರಿಸಲು ಕರೆದುಕೊಂಡು ಹೋಗಿದ್ದ. ಅಲ್ಲಿ ಜನ ಬೀದಿಗಿಳಿದರು, ವಿಧಾನಸಭೆಯಲ್ಲಿ ಮಾತಾಯಿತು, ಸರ್ಕಾರ ಕೈ ಹಾಕಿತು. ಆದರೆ ಪಂಚೆ ಉಟ್ಟವರನ್ನು ತಡೆಯುವುದು ಒಬ್ಬರ ಬದುಕಿನ ರೀತಿಗೇ ಮಾಡಿದ ಅವಮಾನ. ವಯಸ್ಸು ಎಲ್ಲರಿಗೂ ಬಂದು ದಾಟಿಹೋಗುವಂಥದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನಗೆ ಮನಸ್ಸಿಲ್ಲ.

ಪ್ರಶ್ನೆ (ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಿಂದ): ನಮ್ಮ ಕಡೆ ಮಾಲ್‌ನಲ್ಲೂ ವಾಕ್ ಸ್ವಾತಂತ್ರ್ಯ ಇದೆ ಎಂದು ಮಗಳ ಟೀಚರ್ ಹೇಳಿದರಂತೆ. ಹಾಗಿದ್ದರೆ ತಡೆಯುವಂತಿಲ್ಲ ಅಲ್ವಾ?

ಉತ್ತರ: ಟೀಚರ್ ಹೇಳಿದ್ದು ಪ್ರೂನ್‌ಯಾರ್ಡ್ ಕೇಸ್ ಬಗ್ಗೆ ಇರಬೇಕು. ಪ್ರೂನ್‌ಯಾರ್ಡ್ ಒಂದು ಶಾಪಿಂಗ್ ಸೆಂಟರ್, ಇರುವುದು ನಿಮ್ಮ ಹತ್ತಿರದ ಕ್ಯಾಂಬೆಲ್‌ನಲ್ಲೇ. ಅಲ್ಲಿ ಸಹಿ ಸಂಗ್ರಹಕ್ಕೆ ಮೇಜು ಹಾಕಿ ಕೂತಿದ್ದವರು ಹೈಸ್ಕೂಲ್ ಮಕ್ಕಳು! ಗಾರ್ಡ್ ಎಬ್ಬಿಸಿದ, ಅವರು ಕೋರ್ಟಿಗೆ ಹೋದರು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು, 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1994ರಲ್ಲಿ ಇಂಥದೇ ತೀರ್ಪು ಕೊಟ್ಟಿತು. ಹಿಂದೆ ಊರಿನ ಪೇಟೆಬೀದಿ ಮಾಡುತ್ತಿದ್ದ ಕೆಲಸವನ್ನು ಈಗ ಮಾಲ್ ಮಾಡುತ್ತಿದೆ, ಆದ್ದರಿಂದ ಅಲ್ಲಿ ಕರಪತ್ರ ಹಂಚಲು ಬಿಡಬೇಕು ಎಂಬುದು ಅದರ ಸಾರ. ಆದರೆ ಇವೆಲ್ಲ ಕರಪತ್ರ, ಸಹಿ ಸಂಗ್ರಹದ ಹಕ್ಕು. ಸಂಜೆ ಗೆಳೆಯರ ಜೊತೆ ಸುತ್ತಾಡುವ ಹಕ್ಕನ್ನು ಯಾವ ಕೋರ್ಟೂ ಇದರಿಂದ ತೆಗೆದುಕೊಟ್ಟಿಲ್ಲ.

ಆದರೂ ಆ ಪೇಟೆಬೀದಿಯ ಮಾತು ನನಗೆ ತುಂಬಾ ಮುಖ್ಯ. ಈ ದೇಶದ ಉಪನಗರಗಳಲ್ಲಿ ಹದಿನೈದರ ಹುಡುಗ ಮನೆಯಿಂದ ನಡೆದು ಹೋಗಿ ಗೆಳೆಯರನ್ನು ನೋಡುವ ಜಾಗ ಎಷ್ಟಿದೆ? ಫುಟ್‌ಪಾತ್ ಕೂಡ ಇಲ್ಲದ ಕಡೆ ಮನೆ ಮಾಡಿದ್ದೇವೆ.

ಪ್ರಶ್ನೆ (ಮಿನಿಯಾಪೊಲಿಸ್‌ನಿಂದ): ಇಲ್ಲಿ ಮಾಲ್ ಆಫ್ ಅಮೆರಿಕದಲ್ಲಿ ಈಗ ದಿನಾ ಮಧ್ಯಾಹ್ನ 3ರ ಮೇಲೆ 16ರೊಳಗಿನವರಿಗೆ ಈ ನಿಯಮ. ಒಬ್ಬ ಅಪ್ಪನಾಗಿ ನನಗೆ ಇದು ಒಳ್ಳೆಯದು ಅನ್ನಿಸುತ್ತದೆ. ಸೋಷಿಯಲ್ ಮೀಡಿಯಾದಲ್ಲಿ ಕರೆ ಕೊಟ್ಟು ನೂರಾರು ಹುಡುಗರು ಒಂದೇ ಕಡೆ ಸೇರಿ ಹೊಡೆದಾಡುವ ವಿಡಿಯೋ ನೋಡಿಲ್ವಾ ನೀವು?

ಉತ್ತರ: ನೋಡಿದ್ದೇನೆ ಸರ್, ನಿಮ್ಮ ಭಯ ಸುಳ್ಳಲ್ಲ. ಅಂಗಡಿಯಲ್ಲಿ ನಿಂತು ಕೆಲಸ ಮಾಡುವವರೂ ಯಾರದೋ ಮಕ್ಕಳು. ಆ ಗಲಾಟೆಯ ನಡುವೆ ಶಟರ್ ಎಳೆದುಕೊಂಡು ಒಳಗೆ ಕೂರುವವರು ಅವರೇ. ನಿಯಮ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ವಾರದ ಏಳೂ ದಿನ, ಶಾಲೆ ಬಿಡುವ ಹೊತ್ತಿಗೇ ಶುರುವಾಗುವ ನಿಯಮ ಗಲಾಟೆಗೆ ಮಾತ್ರ ಬೀಗ ಹಾಕುವುದಿಲ್ಲ. ಪೆನ್ಸಿಲ್ ಬಾಕ್ಸ್ ಕೊಳ್ಳಲು ಬಂದ ಮಗುವಿಗೂ ಹಾಕುತ್ತದೆ. ಗಲಾಟೆ ಮಾಡಿದವರನ್ನು ಹೆಸರು ಹಿಡಿದು ನಿಷೇಧಿಸುವ ಅಧಿಕಾರ ಮಾಲ್‌ಗಳಿಗೆ ಮೊದಲಿನಿಂದಲೂ ಇದೆ. ಅದನ್ನು ಮೊದಲು ಬಳಸಲಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ (ಅಮ್ಮನ ಅಕೌಂಟ್‌ನಿಂದ, 15 ವರ್ಷ): ಆಂಟಿ, ನಾನು ಕನ್ನಡ ಟೈಪ್ ಮಾಡೋದು ಸ್ವಲ್ಪ ನಿಧಾನ. ಪಾರ್ಕ್ ಸೂರ್ಯ ಮುಳುಗಿದ ಮೇಲೆ ಕ್ಲೋಸ್. ಲೈಬ್ರರಿ ಶುಕ್ರವಾರ 5ಕ್ಕೆ ಕ್ಲೋಸ್. ಮಾಲ್ 5ರ ಮೇಲೆ ನಮಗೆ ಇಲ್ಲ. ಮನೆಯಲ್ಲಿದ್ದರೆ ಯಾವಾಗ ನೋಡಿದ್ರೂ ಫೋನ್ ಅಂತ ಬೈತಾರೆ. ನಾವು ಎಲ್ಲಿ ಹೋಗಬೇಕು?

ಉತ್ತರ: ಪುಟ್ಟಾ, ಇಡೀ ಚರ್ಚೆಯಲ್ಲಿ ಅತಿ ಒಳ್ಳೆಯ ಪ್ರಶ್ನೆ ನಿನ್ನದು. ನೀನು ಈಗ ಬರೆದ ನಾಲ್ಕು ಸಾಲನ್ನೇ ಇಂಗ್ಲಿಷ್‌ನಲ್ಲಿ ಬರೆದು ನಿಮ್ಮ ಟೌನ್‌ಶಿಪ್ ಕೌನ್ಸಿಲ್ ಮೀಟಿಂಗ್‌ಗೆ ತೆಗೆದುಕೊಂಡು ಹೋಗು. ಅಲ್ಲಿ ಸಾರ್ವಜನಿಕರು ಮಾತಾಡಲು ಕೆಲವು ನಿಮಿಷ ಕೊಡುತ್ತಾರೆ, ಅದಕ್ಕೆ ವೋಟು ಇರಬೇಕಾಗಿಲ್ಲ. ಲೈಬ್ರರಿಯನ್ನು ಶುಕ್ರವಾರ ರಾತ್ರಿ 9ರವರೆಗೆ ತೆರೆದಿಡಿ ಎಂದು ಕೇಳು. ಒಂದೇ ಬೇಡಿಕೆ ಇರಲಿ, ಹತ್ತು ಬೇಡ. ಐದಾರು ಗೆಳೆಯರನ್ನು ಕರೆದುಕೊಂಡು ಹೋಗು, ಬೇರೆ ಬೇರೆ ಮನೆಯ ಮಕ್ಕಳಾಗಿದ್ದರೆ ಇನ್ನೂ ಒಳ್ಳೆಯದು.

ಅಪ್ಪ ಅಮ್ಮಂದಿರೇ, ನಿಮಗೂ ಒಂದು ಮಾತು. ಕನ್ನಡ ಕೂಟಗಳು ಯುಗಾದಿಗೆ, ರಾಜ್ಯೋತ್ಸವಕ್ಕೆ ಶಾಲೆಯ ಆಡಿಟೋರಿಯಂ ಬಾಡಿಗೆಗೆ ಹಿಡಿಯುತ್ತವೆ. ತಿಂಗಳಿಗೆ ಒಂದು ಶುಕ್ರವಾರ ಜಿಮ್ ಹಾಲ್ ಹಿಡಿದು, ಭಾಷಣ ಗೀಷಣ ಇಲ್ಲದೆ, ಒಂದು ಬಾಸ್ಕೆಟ್‌ಬಾಲ್ ಮತ್ತು ನಾಲ್ಕು ಪಿಜ್ಜಾ ಇಟ್ಟು ಮಕ್ಕಳನ್ನು ಅವರ ಪಾಡಿಗೆ ಬಿಡಲು ಆಗುವುದಿಲ್ಲವೇ? ಬಾಗಿಲಲ್ಲಿ ಕೂರಲು ಇಬ್ಬರು ದೊಡ್ಡವರು ಬೇಕು. ಮೊದಲ ಶುಕ್ರವಾರ ಒಬ್ಬಳು ನಾನು. ಇನ್ನೊಬ್ಬರು ಯಾರು ಬರುತ್ತೀರಿ ಎಂದು ಕೆಳಗೆ ಬರೆಯಿರಿ. ಪುಟ್ಟಾ, ನಿನ್ನ ಕೌನ್ಸಿಲ್ ಪತ್ರ ನನಗೆ ಕಳಿಸು, ಕೊಡುವ ಮುಂಚೆ ನಾನೂ ಒಮ್ಮೆ ಓದುತ್ತೇನೆ.