ಎಥಿಕ್ಸ್ ಕ್ಲಾಸ್ ಶುರು ಮಾಡೋದು ಎಲ್ಲಿಂದ? ಸಿದ್ಧಾಂತದಿಂದಲೋ, ಪ್ರಸಂಗದಿಂದಲೋ?

ಸೀಮೆಸುಣ್ಣ:

ನಾನು ಗಣಿತದ ಮೇಷ್ಟ್ರು. ಮುಂದಿನ ಟರ್ಮ್‌ನಿಂದ ಮೊದಲ ವರ್ಷದವರಿಗೆ ಎಥಿಕ್ಸ್ ಕೂಡ ನೀವೇ ತಗೊಳ್ಳಿ ಅಂತ ತಲೆಗೆ ಕಟ್ಟಿದ್ದಾರೆ. 12 ಕ್ಲಾಸು, ಎದುರಿಗೆ 60 ಜನ.

ಹೋದ ವರ್ಷ ಬೇರೆಯವರ ಬದಲಿಗೆ ಎರಡು ಕ್ಲಾಸ್ ತಗೊಂಡಿದ್ದೆ. ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದೆ. ಬೋರ್ಡಿನ ಮೇಲೆ ಮೂವರು ತತ್ವಜ್ಞಾನಿಗಳ ಹೆಸರು: ಬೆಂಥಮ್, ಕಾಂಟ್, ಅರಿಸ್ಟಾಟಲ್. ಒಬ್ಬೊಬ್ಬರಿಗೂ ಎರಡು ಸಾಲು ವ್ಯಾಖ್ಯೆ. ಬೆಂಥಮ್‌ಗೆ ಯುಟಿಲಿಟೇರಿಯನಿಸಂ, ಅಂದರೆ ಹೆಚ್ಚು ಜನರಿಗೆ ಹೆಚ್ಚು ಸುಖ ಕೊಡುವುದೇ ಸರಿ ಅನ್ನುವ ವಾದ, ಹೀಗೆ. ಎಲ್ಲರೂ ನೀಟಾಗಿ ಬರೆದುಕೊಂಡರು. ಆಮೇಲೆ ಸುಮ್ನೆ ಒಂದು ಪ್ರಶ್ನೆ ಹಾಕಿದೆ: ನಿಮ್ಮ ಗೆಳೆಯ ಪರೀಕ್ಷೆಯಲ್ಲಿ ಕಾಪಿ ಹೊಡೆದದ್ದು ನಿಮಗೆ ಗೊತ್ತು, ಏನು ಮಾಡುತ್ತೀರಿ? ಒಬ್ಬ ಎದ್ದು ನಿಂತು, "ಯುಟಿಲಿಟೇರಿಯನಿಸಂ ಪ್ರಕಾರ ಹೇಳಬೇಕಾಗಿಲ್ಲ ಸರ್, ಕಾಂಟ್ ಪ್ರಕಾರ ಹೇಳಬೇಕು" ಎಂದ. ಸರಿ, ನಿನ್ನ ಪ್ರಕಾರ? ಎಂದೆ. "ಅದು ಸಿಲಬಸ್‌ನಲ್ಲಿದೆಯಾ ಸರ್?"

ನಗು ಬಂತು, ಬೇಜಾರೂ ಆಯಿತು. ಉಳಿದವರಲ್ಲಿ ಅರ್ಧ ಜನ "ಸರಿ ತಪ್ಪು ಎಲ್ಲ ಅವರವರ ಅಭಿಪ್ರಾಯ" ಅಂತ ಹೇಳಿ ಕೈ ತೊಳೆದುಕೊಂಡರು. ಆ ಒಂದು ಮಾತು ಬಂದ ಮೇಲೆ ಚರ್ಚೆ ಮುಂದಕ್ಕೆ ಹೋಗೋದೇ ಇಲ್ಲ.

ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಸಿದ್ಧಾಂತ ಮೊದಲು ಹೇಳಬೇಕೋ, ಪ್ರಸಂಗ ಮೊದಲು ಕೊಡಬೇಕೋ? ಎಷ್ಟು ಸಿದ್ಧಾಂತ ಸಾಕು? ಈ "ಅವರವರ ಅಭಿಪ್ರಾಯ"ಕ್ಕೆ ಏನು ಮದ್ದು? ಮತ್ತೆ, ಸರಿ ಉತ್ತರವೇ ಇಲ್ಲದ ವಿಷಯಕ್ಕೆ ಅಂಕ ಹೇಗೆ ಕೊಡೋದು?

ಹಳೇಬೆಂಚು:

ತತ್ವಶಾಸ್ತ್ರ ಕಲಿಸಲು ಶುರು ಮಾಡಿ ಬಹಳ ವರ್ಷ ಆಯಿತು. ಮೊದಮೊದಲು ನಾನೂ ನಿಮ್ಮ ಹಾಗೇ ಎಡವಿದವನು. ಈಗ ಮೊದಲ ಕ್ಲಾಸಿನಲ್ಲಿ ಒಬ್ಬ ತತ್ವಜ್ಞಾನಿಯ ಹೆಸರೂ ಎತ್ತುವುದಿಲ್ಲ.

ನಾನು ಶುರು ಮಾಡೋದು ಅಮೆರಿಕದ ಸಿಯಾಟಲ್‌ನ ಡಯಾಲಿಸಿಸ್ ಸಮಿತಿಯಿಂದ. 1960ರಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ರೋಗಿಯ ತೋಳಿನಲ್ಲಿ ಕಾಯಂ ಆಗಿ ಉಳಿಯುವ ಒಂದು ಕೊಳವೆ ಮಾಡಿದರು. ಕಿಡ್ನಿ ಪೂರ್ತಿ ಕೈಕೊಟ್ಟವರೂ ಡಯಾಲಿಸಿಸ್ ಮೇಲೆ ವರ್ಷಗಟ್ಟಲೆ ಬದುಕಬಹುದು ಅಂತ ಆಯಿತು. ಆದರೆ ಮಷೀನು ಬೆರಳೆಣಿಕೆ, ಬೇಕಾದವರು ಬಹಳ ಜನ. ವೈದ್ಯರು ಮೊದಲು ವೈದ್ಯಕೀಯ ಕಾರಣ ನೋಡಿ ಜರಡಿ ಹಿಡಿಯುತ್ತಿದ್ದರು. ಅದರಲ್ಲಿ ಉಳಿದವರ ಪೈಕಿ ಯಾರಿಗೆ ಮಷೀನು ಅಂತ ತೀರ್ಮಾನ ಮಾಡಲು ಏಳು ಜನರ ಸಮಿತಿ ಇತ್ತು. ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವ, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಸರ್ಜನ್. ಇವರ ಹೆಸರು ಹೊರಗೆ ಬಿಟ್ಟಿರಲಿಲ್ಲ. ವಯಸ್ಸು, ಮಕ್ಕಳೆಷ್ಟು, ಆದಾಯ, ಓದು, ಕೆಲಸ, ಮುಂದೆ ಸಮಾಜಕ್ಕೆ ಎಷ್ಟು ಉಪಯೋಗ ಆಗಬಹುದು, ಎಲ್ಲವನ್ನೂ ತೂಗುತ್ತಿದ್ದರು. 1962ರಲ್ಲಿ ಇದು ಪತ್ರಿಕೆಯಲ್ಲಿ ಬಂದು ದೊಡ್ಡ ಗದ್ದಲ ಆಯಿತು.

ಕ್ಲಾಸಿನಲ್ಲಿ ಏಳೇಳು ಜನರ ಗುಂಪು ಮಾಡಿ. ನಾಲ್ಕು ಅರ್ಜಿ, ಎರಡು ಜಾಗ, ಇಪ್ಪತ್ತು ನಿಮಿಷ. ಯಾರನ್ನು ಆರಿಸಿದರು ಅನ್ನೋದಕ್ಕಿಂತ ಯಾಕೆ ಆರಿಸಿದರು ಅನ್ನೋದು ನಮಗೆ ಬೇಕು. ಅವರು ಹೇಳಿದ ಕಾರಣವನ್ನೆಲ್ಲ ಅವರದೇ ಮಾತಿನಲ್ಲಿ ಬೋರ್ಡಿನ ಮೇಲೆ ಬರೆಯಿರಿ. "ಇವಳಿಗೆ ಮೂರು ಮಕ್ಕಳು, ಇವಳು ಉಳಿದರೆ ನಾಲ್ಕು ಜನ ಉಳಿದ ಹಾಗೆ." "ಒಬ್ಬರ ಜೀವದ ಬೆಲೆ ಕಟ್ಟೋಕೆ ನಾವ್ಯಾರು, ಚೀಟಿ ಎತ್ತಿ." "ಸಂಬಳ ಎಷ್ಟು ಅಂತ ನೋಡಿ ಬದುಕು ಹಂಚುವಂಥ ಮನುಷ್ಯ ನಾನಾಗಲಾರೆ." ಈ ಮೂರು ಬಗೆಯ ಮಾತು ಹೇಗೋ ಬಂದೇ ಬರುತ್ತವೆ.

ಎರಡನೇ ಕ್ಲಾಸಿನಲ್ಲಿ ಹೆಸರು ಕೊಡಿ. ಮೊದಲನೆಯ ಮಾತು ಪರಿಣಾಮ ನೋಡುವವರದು. ಬೆಂಥಮ್ 1789ರಲ್ಲಿ ಇದನ್ನು ಹೆಚ್ಚುಕಮ್ಮಿ ಲೆಕ್ಕದ ರೂಪಕ್ಕೇ ತಂದರು, ಗಣಿತದವರು ನಿಮಗೆ ಇಷ್ಟವಾಗಬಹುದು. ಆಮೇಲೆ ಮಿಲ್ ಬಂದು ಸುಖಗಳಲ್ಲೂ ಮೇಲು ಕೀಳು ಉಂಟು ಅಂತ ಆ ಲೆಕ್ಕವನ್ನು ಸ್ವಲ್ಪ ಕೆಡಿಸಿದರು. ಎರಡನೆಯ ಮಾತಿನಲ್ಲಿ ಕಾಂಟ್ ಇದ್ದಾರೆ. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಅಂತ ಅವರು ಬರೆದದ್ದು 1785ರಲ್ಲಿ. ಮೂರನೆಯದು ಅರಿಸ್ಟಾಟಲ್ ದಾರಿ. ಏನು ಮಾಡಲಿ ಅನ್ನುವುದಕ್ಕೆ ಮೊದಲು ಎಂಥ ಮನುಷ್ಯ ಆಗಲಿ ಅಂತ ಕೇಳುವ ದಾರಿ. ಮಕ್ಕಳಿಗೆ ಆಗ ಒಂಥರಾ ಖುಷಿ ಆಗುತ್ತದೆ, ನಿನ್ನೆ ತಾನೇ ಹೇಳಿದ ಮಾತಿಗೆ ಇಷ್ಟು ದೊಡ್ಡ ಹೆಸರು ಇದೆಯಾ ಅಂತ. ಬಾಯಿಪಾಠದ ಕಾಟ ಅಲ್ಲಿಗೆ ಅರ್ಧ ಕಮ್ಮಿ.

ಮೂರು ಸಾಕು. ಸಮಯ ಉಳಿದರೆ ನಾಲ್ಕನೆಯದು.

ಟ್ರಾಲಿ ಕಥೆ ಬಗ್ಗೆ ಒಂದು ಮಾತು. ಬ್ರೇಕ್ ಹೋದ ಟ್ರಾಮ್ ಐವರ ಕಡೆ ನುಗ್ಗುತ್ತಿದೆ, ಒಬ್ಬನಿರುವ ಇನ್ನೊಂದು ಹಳಿಗೆ ತಿರುಗಿಸಬಹುದಾ ಅನ್ನೋ ಕಥೆ ಅದು. ಯಾರೋ ಒಬ್ಬ ಕೇಳಿಯೇ ಕೇಳುತ್ತಾನೆ. ಅದನ್ನು ಒಂಟಿಯಾಗಿ ಕೊಟ್ಟರೆ ಒಗಟು ಬಿಡಿಸುವ ಆಟ ಆಗಿಬಿಡುತ್ತದೆ. ತತ್ವಜ್ಞಾನಿ ಫಿಲಿಪ್ಪಾ ಫುಟ್ 1967ರಲ್ಲಿ ಅದನ್ನು ಬರೆದಾಗ ಪಕ್ಕದಲ್ಲೇ ಇನ್ನೊಂದು ಪ್ರಸಂಗ ಇಟ್ಟಿದ್ದರು: ಊರಲ್ಲಿ ದಂಗೆ, ಅಪರಾಧಿ ಸಿಗದಿದ್ದರೆ ಜನ ತಾವು ಒತ್ತೆ ಹಿಡಿದ ಐವರನ್ನು ಕೊಲ್ಲುತ್ತಾರೆ, ನ್ಯಾಯಾಧೀಶ ಒಬ್ಬ ನಿರಪರಾಧಿಯನ್ನು ಗಲ್ಲಿಗೆ ಹಾಕಿದರೆ ಎಲ್ಲ ತಣ್ಣಗಾಗುತ್ತದೆ. ಎರಡರಲ್ಲೂ ಒಂದು ಜೀವ ಹೋಗಿ ಐದು ಉಳಿಯುತ್ತದೆ. ಬ್ರೇಕ್ ಹೋದ ಟ್ರಾಮನ್ನು ಒಬ್ಬನಿರುವ ಹಳಿಗೆ ತಿರುಗಿಸು ಅನ್ನುವವರೇ, ನ್ಯಾಯಾಧೀಶ ಮಾಡಿದ್ದು ಅನ್ಯಾಯ ಅನ್ನುತ್ತಾರೆ. ಯಾಕೆ? ಎರಡನ್ನೂ ಜೊತೆಗೆ ಕೊಡಿ, ಆಮೇಲೆ ನೀವು ಬಾಯಿ ಮುಚ್ಚಿ ಕೂತರೂ ಕ್ಲಾಸು ನಡೆಯುತ್ತದೆ.

"ಅವರವರ ಅಭಿಪ್ರಾಯ"ಕ್ಕೆ ನನ್ನ ಮದ್ದು ಇದು. ಮುಖ ಗಂಭೀರ ಮಾಡಿಕೊಂಡು "ಹಿಂದಿನ ಬೆಂಚಿನವರಿಗೆಲ್ಲ ಈ ಸಲ ಐದು ಅಂಕ ಕಟ್" ಅನ್ನಿ. ಅನ್ಯಾಯ ಅಂತ ಕೂಗುತ್ತಾರೆ. "ಅದು ನಿಮ್ಮ ಅಭಿಪ್ರಾಯ" ಅನ್ನಿ.

ಅಡ್ಡಮಾತು:

ಹಳೇಬೆಂಚು ಸರ್, ಉಳಿದದ್ದೆಲ್ಲ ಒಪ್ಪಿದೆ, ಕೊನೆಯ ಟ್ರಿಕ್ ಒಪ್ಪಲಾರೆ. ಅಂಕದ ಅಧಿಕಾರ ನಿಮ್ಮ ಕೈಯಲ್ಲಿದೆ, ಅದಕ್ಕೇ ಅವರು ಸುಮ್ಮನಾಗುತ್ತಾರೆ. ಮನಸ್ಸು ಬದಲಾಯಿಸಿದ್ದಕ್ಕಲ್ಲ. ನನಗೂ ಒಬ್ಬರು ಇದೇ ಟ್ರಿಕ್ ಮಾಡಿದ್ದರು. ಆ ಕ್ಷಣಕ್ಕೆ ಸೋತೆ, ಒಳಗೆ ಮಾತ್ರ ಏನೂ ಬದಲಾಗಲಿಲ್ಲ.

ಆ ಮಾತು ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡಿ. ಎಷ್ಟೋ ಸಲ ಅದು ಸಿದ್ಧಾಂತವೇ ಅಲ್ಲ, ಮರ್ಯಾದೆ. ಪಕ್ಕದಲ್ಲಿ ಕೂತವರ ಮನಸ್ಸು ನೋಯಿಸಬಾರದು, ನಾನೇ ದೊಡ್ಡವನು ಅಂತ ಅನ್ನಿಸಬಾರದು. ಅದು ಒಳ್ಳೆ ಗುಣವೇ ಅಲ್ವಾ? ಹಾಗಿದ್ದರೆ ಅದನ್ನೇ ಹಿಡಿದು ಕೇಳಿ: "ಬೇರೆಯವರನ್ನು ಗೌರವಿಸಬೇಕು ಅನ್ನೋದು ಕೂಡ ನಿನ್ನೊಬ್ಬನ ಅಭಿಪ್ರಾಯವೋ, ಎಲ್ಲರಿಗೂ ಅನ್ವಯಿಸುತ್ತದೋ?" ಇಲ್ಲಿ ಯಾರನ್ನೂ ಸೋಲಿಸಬೇಕಾಗಿಲ್ಲ, ಅವನ ಮಾತಿನ ಒಳಗೇ ಇದ್ದ ನಂಬಿಕೆಯನ್ನು ಅವನಿಗೇ ತೋರಿಸಿದ ಹಾಗೆ.

ಇನ್ನೊಂದು. ಜಗಳ ಎಲ್ಲಿದೆ ಅಂತ ಬಿಡಿಸಿ ನೋಡುವುದನ್ನು ಕಲಿಸಿ. ನೀಲಿ ಚೆಂದವೋ ಹಸಿರು ಚೆಂದವೋ ಅನ್ನೋದು ರುಚಿಯ ಮಾತು, ಅಲ್ಲಿ ಅವರವರ ಅಭಿಪ್ರಾಯ ಅನ್ನೋದು ಪೂರ್ತಿ ಸರಿ. ಮರಣದಂಡನೆಯಿಂದ ಕೊಲೆ ಕಮ್ಮಿಯಾಗುತ್ತದೆಯಾ ಅನ್ನೋದು ಸಂಗತಿಯ ಪ್ರಶ್ನೆ, ಅದಕ್ಕೆ ಅಂಕಿಅಂಶ ಹುಡುಕಬೇಕು. ಕಮ್ಮಿಯಾದರೂ ಸರ್ಕಾರ ಒಬ್ಬನನ್ನು ಕೊಲ್ಲಬಹುದಾ ಅನ್ನೋದು ಮೌಲ್ಯದ ಪ್ರಶ್ನೆ, ಅಲ್ಲಿ ಕಾರಣ ಬೇಕು. ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸುವುದರಿಂದಲೇ ಅರ್ಧ ಗಲಾಟೆ.

ನೈಟ್‌ಡ್ಯೂಟಿ:

ನಾನು ನರ್ಸ್. ಪಾಠ ಮಾಡೋದು ಗೊತ್ತಿಲ್ಲ, ಆದರೆ ಈ ಪ್ರಶ್ನೆಗಳ ಜೊತೆಗೇ ಕೆಲಸ ಮಾಡುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ.

ನಮಗೆ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟದ್ದು ನಾಲ್ಕು ತತ್ವ. 1979ರಲ್ಲಿ ಬೋಷಾಂಪ್ ಮತ್ತು ಚಿಲ್ಡ್ರೆಸ್ ಎಂಬಿಬ್ಬರು ಕೊಟ್ಟದ್ದು. ರೋಗಿಯ ತೀರ್ಮಾನಕ್ಕೆ ಬೆಲೆ ಕೊಡು, ಹಾನಿ ಮಾಡಬೇಡ, ಒಳ್ಳೆಯದು ಮಾಡು, ಎಲ್ಲರಿಗೂ ನ್ಯಾಯವಾಗಿ ಹಂಚು. ಕೇಳೋಕೆ ಸುಲಭ. ಒಂದಕ್ಕೊಂದು ಡಿಕ್ಕಿ ಹೊಡೆದಾಗ ಯಾವುದು ಮೇಲು ಅಂತ ಮಾತ್ರ ಆ ಪಟ್ಟಿ ಹೇಳುವುದಿಲ್ಲ. ಹಾಗಿದ್ದರೂ ಅದು ಉಪಯೋಗಕ್ಕೆ ಬರುತ್ತದೆ. ಏನನ್ನಾದರೂ ಮರೆತೆವಾ ಅಂತ ನೋಡಿಕೊಳ್ಳಲು.

ಒಂದು ಸಲ ವಯಸ್ಸಾದ ಒಬ್ಬ ರೋಗಿಯ ಮಗ ಬಂದು, ಅಮ್ಮನಿಗೆ ಕಾಯಿಲೆ ಏನಂತ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾರೆ ಅಂದರು. ನಾವು ನಾಲ್ಕು ಜನ ಕಾರಿಡಾರ್‌ನಲ್ಲಿ ನಿಂತು ಅರ್ಧ ಗಂಟೆ ವಾದ ಮಾಡಿದೆವು. ಒಬ್ಬರು ಸುಳ್ಳು ಹೇಳಬಾರದು ಅಂದರು. ಇನ್ನೊಬ್ಬರು ನಿಜ ಹೇಳಿ ಏನು ಸಾಧಿಸುತ್ತೀರಿ ಅಂದರು. ಕೊನೆಗೆ ಹಿರಿಯ ಸಿಸ್ಟರ್ ಒಬ್ಬರು ಸೀದಾ ಒಳಗೆ ಹೋಗಿ ಆ ತಾಯಿಯ ಪಕ್ಕ ಕೂತು ಕೇಳಿದರು, "ಅಮ್ಮಾ, ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಎಷ್ಟು ತಿಳಿಯಬೇಕು ಅನ್ನಿಸುತ್ತೆ?" ಅವರು ಹೇಳಿದ್ದು, "ನನಗೆ ಗೊತ್ತಿದೆ ಕಣಮ್ಮ. ಮಗನಿಗೆ ಹೇಳಬೇಡಿ, ಹೆದರುತ್ತಾನೆ."

ನಮ್ಮ ಅರ್ಧ ಗಂಟೆಯ ವಾದದಲ್ಲಿ ಅವರನ್ನೇ ಕೇಳೋಣ ಅಂತ ಒಬ್ಬರಿಗೂ ಹೊಳೆದಿರಲಿಲ್ಲ. ನೀವು ಪ್ರಸಂಗ ಕೊಡುವಾಗ ಕೆಲವನ್ನು ಬೇಕಂತಲೇ ಅರ್ಧಂಬರ್ಧ ಕೊಡಿ ಸರ್. ತೀರ್ಮಾನಕ್ಕೆ ಮೊದಲು ಇನ್ನೇನು ತಿಳಿಯಬೇಕು, ಯಾರನ್ನು ಕೇಳಬೇಕು ಅಂತ ಅವರೇ ಕೇಳಲಿ. ನಾಲ್ಕನೇ ಸಿದ್ಧಾಂತಕ್ಕೆ ಜಾಗ ಇದ್ದರೆ ಕಾಳಜಿಯ ನೀತಿ ಸೇರಿಸಿ. 1982ರಲ್ಲಿ ಮನಃಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ ಇದರ ಬಗ್ಗೆ ಬರೆದರು. ನಿಯಮ ಏನು ಅನ್ನೋದರ ಜೊತೆಗೆ ಈ ಸಂಬಂಧದಲ್ಲಿ ಯಾರಿಗೆ ಏನು ಬೇಕಾಗಿದೆ ಅಂತ ನೋಡುವುದೂ ನೀತಿಯ ಯೋಚನೆಯೇ ಅನ್ನೋದು ಅವರ ಮಾತು. ಆ ಸಿಸ್ಟರ್ ಅದನ್ನು ಓದಿದ್ದರೋ ಇಲ್ಲವೋ.

ಬಗ್‌ಬೇಟೆ:

ಸಾಫ್ಟ್‌ವೇರ್‌ನವನು. ನಾನೂ ಇಂಥದ್ದೊಂದು ಕೋರ್ಸ್ ಮಾಡಿ ಪಾಸಾದವನು. ಎಲ್ಲ ಉದಾಹರಣೆಯೂ ಸಾಯೋದು ಬದುಕೋದು. ಆಮೇಲೆ ಹದಿನೈದು ವರ್ಷದ ಕೆಲಸದಲ್ಲಿ ಒಂದು ಟ್ರಾಲಿಯೂ ಸಿಗಲಿಲ್ಲ. ಸಿಕ್ಕಿದ್ದು ಶುಕ್ರವಾರ ಸಂಜೆ "ಈ ಟೆಸ್ಟ್ ಫೇಲಾಗಿದ್ದನ್ನು ರಿಪೋರ್ಟ್‌ಗೆ ಹಾಕೋದು ಬೇಡ, ಸೋಮವಾರ ನೋಡೋಣ" ಅನ್ನುವ ಮಾತು. ಸರಿ ಯಾವುದು ಅಂತ ನನಗೆ ಆಗ ಪೂರ್ತಿ ಗೊತ್ತಿತ್ತು. ಬಾಯಿ ಬರಲಿಲ್ಲ, ಅಷ್ಟೇ.

ನಿಮ್ಮವರು ಎಂಜಿನಿಯರಿಂಗ್ ಕಡೆ ಹೋಗುವವರಾದರೆ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ದುರಂತದ ಪ್ರಸಂಗ ಕೊಡಿ. 1986ರ ಜನವರಿ 27ರ ರಾತ್ರಿ ಫೋನಿನಲ್ಲಿ ಸಭೆ. ರಾಕೆಟ್ ಮಾಡಿದ ಕಂಪನಿಯ ಎಂಜಿನಿಯರುಗಳು, ಅವರಲ್ಲಿ ರೋಜರ್ ಬೋಜೊಲಿ ಮುಖ್ಯರು, ಇಷ್ಟು ಚಳಿಯಲ್ಲಿ ರಾಕೆಟ್‌ನ ಕೀಲು ಮುಚ್ಚುವ ರಬ್ಬರ್ ರಿಂಗ್ ಸರಿಯಾಗಿ ಕೂರುವುದಿಲ್ಲ, ಹಾರಿಸಬೇಡಿ ಅಂದರು. ಕಂಪನಿಯೂ ಮೊದಲು ಬೇಡ ಅಂತಲೇ ಹೇಳಿತು. ನಾಸಾ ಕಡೆಯವರಿಗೆ ಸಿಟ್ಟು ಬಂತು. ಕಂಪನಿಯವರು ಸ್ವಲ್ಪ ಹೊತ್ತು ಲೈನ್ ಬಿಟ್ಟು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಿಗೆ ಅವರ ಮೇಲಿನವರು ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎಂಬರ್ಥದ ಮಾತು ಹೇಳಿದರು. ತೀರ್ಮಾನ ತಿರುಗಿತು. ಮಾರನೇ ದಿನ ಹಾರಿದ 73 ಸೆಕೆಂಡಿಗೆ ನೌಕೆ ಒಡೆದು ಒಳಗಿದ್ದ ಏಳೂ ಜನ ಹೋದರು.

ಅಲ್ಲಿ ಕೆಟ್ಟವರು ಅಂತ ಯಾರೂ ಇರಲಿಲ್ಲ ಅನ್ನೋದೇ ನನಗೆ ಭಯ ಹುಟ್ಟಿಸುವ ವಿಷಯ. ಹಾಗಾಗಿ ಏನು ಮಾಡಬೇಕು ಅಂತ ಬರೆಸಿ ಬಿಟ್ಟುಬಿಡಬೇಡಿ. ಯಾರ ಹತ್ತಿರ, ಯಾವಾಗ, ಯಾವ ಮಾತಿನಲ್ಲಿ ಹೇಳುತ್ತೀಯ ಅಂತ ಎದ್ದು ನಿಂತು ಹೇಳಿಸಿ. ಒಬ್ಬರು ಮ್ಯಾನೇಜರ್ ಆಗಿ ಬೈಯಲಿ. ಧೈರ್ಯದ ಕೆಲಸ ಮಾಡಿ ಮಾಡಿಯೇ ಧೈರ್ಯವಂತ ಆಗೋದು ಅಂತ ಅರಿಸ್ಟಾಟಲ್ಲೇ ಹೇಳಿದ್ದಾರಲ್ಲ. ಅವರನ್ನು ಬರೀ ವ್ಯಾಖ್ಯೆ ಮಾಡಿ ಬೋರ್ಡಿನ ಮೇಲೆ ಕೂರಿಸೋದು ಅನ್ಯಾಯ.

ಸೀಮೆಸುಣ್ಣ:

ಎಲ್ಲರಿಗೂ ಥ್ಯಾಂಕ್ಸ್. ಆ ತಾಯಿಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಅಂಕದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಇನ್ನೊಂದು ಸಣ್ಣ ತೊಡಕು: 60ನ್ನು ಏಳರಿಂದ ಭಾಗಿಸಿದರೆ ಎಂಟು ಗುಂಪು ಆಗಿ ನಾಲ್ಕು ಜನ ಉಳಿಯುತ್ತಾರೆ. ಗಣಿತದವನ ಕಣ್ಣಿಗೆ ಮೊದಲು ಬೀಳೋದೇ ಇದು, ಏನು ಮಾಡಲಿ.

ಹಳೇಬೆಂಚು:

ಮೊದಲು ಅಡ್ಡಮಾತು ಅವರಿಗೆ: ಒಪ್ಪಿದೆ. ಆ ಟ್ರಿಕ್‌ನಲ್ಲಿ ನನಗೆ ಸ್ವಲ್ಪ ಜಾಸ್ತಿಯೇ ಖುಷಿ ಸಿಗುತ್ತಿತ್ತು, ಈಗ ಯೋಚಿಸಿದರೆ ಅದೇ ಅನುಮಾನ ಹುಟ್ಟಿಸಬೇಕಿತ್ತು. ನಿಮ್ಮ ಪ್ರಶ್ನೆ ಕೇಳಿ ನೋಡುತ್ತೇನೆ.

ಅಂಕ: ಯಾವ ಪಕ್ಷ ಹಿಡಿದರು ಅನ್ನೋದಕ್ಕೆ ಸೊನ್ನೆ. ಇದನ್ನು ಮೊದಲ ದಿನವೇ ಹೇಳಿ, ಇಲ್ಲದಿದ್ದರೆ ನಿಮಗೆ ಏನು ಇಷ್ಟ ಅಂತ ಹುಡುಕಿ ಅದನ್ನೇ ಬರೆಯುತ್ತಾರೆ. ನಾನು ಹತ್ತಕ್ಕೆ ಕೊಡುತ್ತೇನೆ. ಸಂಗತಿ ಸರಿಯಾಗಿ ಹಿಡಿದು, ಇನ್ನೇನು ತಿಳಿಯಬೇಕು ಅಂತ ಹೇಳಿದ್ದಕ್ಕೆ ಎರಡು. ಯಾರಿಗೆಲ್ಲ ತಟ್ಟುತ್ತದೆ ಅನ್ನೋದಕ್ಕೆ ಒಂದು. ತನ್ನ ತೀರ್ಮಾನ ಮತ್ತು ಕಾರಣಕ್ಕೆ ಮೂರು. ತನ್ನ ವಿರುದ್ಧದ ವಾದವನ್ನು, ಆ ಕಡೆಯವರೇ ಓದಿ "ಹೌದು, ನಾವು ಹೇಳೋದು ಇದೇ" ಅನ್ನುವ ಹಾಗೆ ಬರೆದದ್ದಕ್ಕೆ ನಾಲ್ಕು. ಕಾಂಟ್ ಪ್ರಕಾರ ಹೀಗೆ, ಮಿಲ್ ಪ್ರಕಾರ ಹಾಗೆ ಅಂತ ಬರೆದು ನಿಲ್ಲಿಸಿದವರಿಗೆ ಐದು ದಾಟುವುದು ಕಷ್ಟ. ಸಿದ್ಧಾಂತ ಹೋಟೆಲ್ ಮೆನು ಅಲ್ಲ, ಬೇಕಾದ್ದನ್ನು ಬೇಕಾದಾಗ ತರಿಸಿಕೊಳ್ಳೋಕೆ. ಅವರಿಗೆ 1797ರ ಪ್ರಸಂಗ ಕೊಡಿ. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನಾ ಅಂತ ಕೇಳಿದರೂ ಸುಳ್ಳು ಹೇಳಬಾರದು ಅಂತ ಕಾಂಟ್ ಹಟ ಹಿಡಿದರಲ್ಲ, ಅದು. ಕಾಂಟ್ ಇಷ್ಟ ಅಂದವರೂ ಅಲ್ಲಿ ತಡವರಿಸುತ್ತಾರೆ, ಆಗ ಕೇಳಬೇಕು, ತಪ್ಪಿರೋದು ಸಿದ್ಧಾಂತದಲ್ಲೋ ನಿನ್ನ ಅನ್ನಿಸಿಕೆಯಲ್ಲೋ ಅಂತ.

ಉಳಿದ ನಾಲ್ವರು: ಅವರನ್ನು ಮೊದಲೇ ಎತ್ತಿಡಬೇಡಿ, ಯಾವುದಾದರೂ ಗುಂಪಿನಲ್ಲಿ ಕೂತಿರಲಿ. ಮೊದಲು ಎಲ್ಲ ಗುಂಪೂ ಆಯ್ಕೆಯ ನಿಯಮ ಬರೆದು ಕೊಡಲಿ. ಆಮೇಲೆ ಚೀಟಿ ಎತ್ತಿ ಯಾರಾದರೂ ನಾಲ್ವರನ್ನು ಅರ್ಜಿದಾರರನ್ನಾಗಿ ಮಾಡಿ. 1971ರಲ್ಲಿ ತತ್ವಜ್ಞಾನಿ ಜಾನ್ ರಾಲ್ಸ್ ಹೇಳಿದ್ದು ಹೆಚ್ಚುಕಮ್ಮಿ ಇದೇ, ನೀನು ಯಾರಾಗಿರುತ್ತೀಯ ಅಂತ ಗೊತ್ತಿಲ್ಲದೆ ನಿಯಮ ಮಾಡು ಅಂತ. ನಾಲ್ವರೂ ಮುಂದೆ ಕೂರಲಿ, ತಮ್ಮ ಬಗ್ಗೆ ನಡೆಯುವ ಮಾತನ್ನು ಬಾಯಿ ತೆರೆಯದೆ ಕೇಳಲಿ. ಕೊನೆಯ ಹತ್ತು ನಿಮಿಷ ಅವರಿಗೇ ಬಿಡಿ.

ಏನು ಹೇಳಿದರು ಅಂತ ಇಲ್ಲಿ ಬಂದು ಬರೆಯಿರಿ.