ಸಿನಿಮಾ ಕಲಿಯಬೇಕು, ಫೀಸು ಕಟ್ಟಲು ಆಗಲ್ಲ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಬಿಕಾಂ ಕೊನೆ ವರ್ಷ ಓದುತ್ತಿದ್ದೇನೆ. ಸಿನಿಮಾವನ್ನು ಸುಮ್ನೆ ನೋಡುವುದಲ್ಲ, ಸರಿಯಾಗಿ ಕಲಿಯಬೇಕು ಅಂತ ತುಂಬಾ ಆಸೆ. ಕೋರ್ಸಿಗೆ ದುಡ್ಡಿಲ್ಲ, ಇರುವುದು ಫೋನು ಮಾತ್ರ. ಯೂಟ್ಯೂಬಿನಲ್ಲಿ ನೂರಾರು ವಿಡಿಯೊ ಸೇವ್ ಮಾಡಿಟ್ಟಿದ್ದೇನೆ, ಎಲ್ಲಿಂದ ಹಿಡಿಯಬೇಕೋ ಗೊತ್ತಾಗುತ್ತಿಲ್ಲ.

ಉತ್ತರ (ಸಂಕಲನಕಾರ): ಫೋನು ಸಾಕು. ಆ ನೂರು ವಿಡಿಯೊ ಸದ್ಯಕ್ಕೆ ಅಲ್ಲೇ ಇರಲಿ. ಇವತ್ತು ರಾತ್ರಿ ಒಂದೇ ಒಂದು ಸಿನಿಮಾ ನೋಡಿ, ಅದೂ ಒಂದು ನಿಮಿಷಕ್ಕಿಂತ ಕಡಿಮೆಯದು. 1895ರಲ್ಲಿ ಸಿನಿಮಾದ ಮೊದಲಿಗರಲ್ಲಿ ಸೇರುವ ಲುಮಿಯೇರ್ ಸೋದರರು ಫ್ರಾನ್ಸಿನ ಲಿಯಾನ್‌ನಲ್ಲಿ ತಮ್ಮದೇ ಕಾರ್ಖಾನೆಯ ಗೇಟಿನ ಎದುರು ಕ್ಯಾಮೆರಾ ಇಟ್ಟು, ಕೆಲಸಗಾರರು ಹೊರಗೆ ಬರುವುದನ್ನು ಚಿತ್ರಿಸಿದ್ದು. ಒಂದೇ ಶಾಟ್, ಅಂದರೆ ಕ್ಯಾಮೆರಾ ನಿಲ್ಲಿಸದೆ ಒಂದೇ ಸಲಕ್ಕೆ ತೆಗೆದದ್ದು, ಕಟ್ ಇಲ್ಲ, ಕ್ಯಾಮೆರಾ ಅಲ್ಲಾಡುವುದೂ ಇಲ್ಲ. ಹತ್ತು ಸಲ ನೋಡಿ. ಪ್ರತಿ ಸಲ ಹೊಸದಾಗಿ ಕಂಡದ್ದನ್ನು ಒಂದು ಸಾಲು ಬರೆದಿಡಿ, ಕನ್ನಡದಲ್ಲೇ.

ಆಮೇಲೆ ಮೂಕಿ ಕಾಲದ ಹಾಸ್ಯನಟ ಬಸ್ಟರ್ ಕೀಟನ್‌ನ 'ದಿ ಜನರಲ್', 1926ರದು. ಇಂಟರ್‌ನೆಟ್ ಆರ್ಕೈವ್ ಅನ್ನುವ ತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಕಾಪಿರೈಟ್ ಮುಗಿದಿರುವುದರಿಂದ ಕದ್ದು ನೋಡಿದ ಹಾಗೂ ಆಗಲ್ಲ. ಅದರಲ್ಲಿ ಹುಡುಗಿ ಮುಖ ತಿರುಗಿಸಿ ಹೋದ ಮೇಲೆ ನಾಯಕ ಕೀಟನ್ ರೈಲು ಎಂಜಿನ್ನಿನ ಚಕ್ರಗಳನ್ನು ಜೋಡಿಸುವ ಸರಳಿನ ಮೇಲೆ ಕೂರುತ್ತಾನೆ. ಎಂಜಿನ್ ಹೊರಡುತ್ತದೆ, ಸರಳು ಅವನನ್ನು ಮೇಲೆ ಕೆಳಗೆ ಎತ್ತಿ ಇಳಿಸುತ್ತದೆ, ಮೊದಲಿಗೆ ಅವನಿಗೆ ಅದರ ಪರಿವೆಯೇ ಇಲ್ಲ. ಚಕ್ರ ಜಾರಿ ಗಿರ್ರನೆ ತಿರುಗಿಬಿಟ್ಟಿದ್ದರೆ ಮನುಷ್ಯನ ಪ್ರಾಣವೇ ಹೋಗುತ್ತಿತ್ತು. ಕ್ಯಾಮೆರಾ ದೂರದಲ್ಲೇ ನಿಂತಿರುತ್ತದೆ, ಮುಖದ ಹತ್ತಿರ ಹೋಗಲ್ಲ. ಅಷ್ಟು ದೊಡ್ಡ ಎಂಜಿನ್ನು, ಅಷ್ಟು ಚಿಕ್ಕ ಮನುಷ್ಯ, ಎರಡೂ ಒಟ್ಟಿಗೆ ಕಂಡರೇ ಆ ದುಃಖಕ್ಕೆ ನಗುವೂ ಬರುವುದು. ಕ್ಲೋಸಪ್ ಹಾಕಿದ್ದರೆ ದುಃಖ, ನಗು ಎರಡೂ ಕೆಟ್ಟುಹೋಗುತ್ತಿದ್ದವು. ಕ್ಯಾಮೆರಾ ಯಾಕೆ ದೂರ ನಿಂತಿತು ಅಂತ ಕೇಳಿಕೊಳ್ಳಲು ಶುರು ಮಾಡಿದರೆ ನೀವು ಆಗಲೇ ಸಿನಿಮಾ ಓದುತ್ತಿದ್ದೀರಿ ಅಂತಲೇ ಲೆಕ್ಕ. ಒಂದು ಮಾತು, ಮೂಕಿ ಚಿತ್ರಗಳಿಗೆ ಆನ್‌ಲೈನಿನಲ್ಲಿ ಇರುವ ಸಂಗೀತ ಬಹುಪಾಲು ಆಮೇಲೆ ಯಾರೋ ಸೇರಿಸಿದ್ದು. ಒಮ್ಮೆ ಮ್ಯೂಟ್ ಮಾಡಿ ನೋಡಿ.

ಪಾಠ ಬೇಕು ಅನಿಸಿದಾಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪುಕ್ಕಟೆ ಪಾಠಗಳ ತಾಣ ಓಪನ್‌ಕೋರ್ಸ್‌ವೇರ್‌ನಲ್ಲಿ ಪ್ರೊಫೆಸರ್ ಡೇವಿಡ್ ಥಾರ್ಬರ್ನ್ ಅವರ 'ದಿ ಫಿಲ್ಮ್ ಎಕ್ಸ್‌ಪೀರಿಯನ್ಸ್' ಇದೆ. ಇಡೀ ಕ್ಲಾಸಿನ ವಿಡಿಯೊ, ಹೆಸರು ನೋಂದಾಯಿಸುವುದೂ ಬೇಡ. ಕೀಟನ್, ಚಾಪ್ಲಿನ್‌ರಿಂದ ಜಪಾನಿನ ನಿರ್ದೇಶಕ ಕುರೊಸಾವಾ ತನಕ ಹೋಗುತ್ತಾರೆ. ವಾರಕ್ಕೆ ಒಂದೇ ಪಾಠ ನೋಡಿ.

ಪ್ರಶ್ನೆ: ಸರ್, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಪುಸ್ತಕ ಓದದೆ ಆಗುತ್ತದಾ?

ಉತ್ತರ: ಪುಸ್ತಕ ಬೇಕು, ಆದರೆ ಈಗಲೇ ಬೇಡ. ವಿಡಿಯೊಗೆ ಸಬ್‌ಟೈಟಲ್ ಹಾಕಿ, ವೇಗ 0.75ಕ್ಕೆ ಇಳಿಸಿ. ಸ್ವಲ್ಪ ರೂಢಿಯಾದ ಮೇಲೆ ಡೇವಿಡ್ ಬೋರ್ಡ್‌ವೆಲ್ ಮತ್ತು ಕ್ರಿಸ್ಟಿನ್ ಥಾಂಪ್ಸನ್ ಅವರ ಬ್ಲಾಗ್ ಓದಿ. ಸಿನಿಮಾ ಪಾಠಪುಸ್ತಕ ಬರೆದವರೇ ಪುಕ್ಕಟೆಯಾಗಿ ಬರೆದಿಟ್ಟಿದ್ದಾರೆ, ಫ್ರೇಮುಗಳ ಚಿತ್ರ ಸಮೇತ, ಆದ್ದರಿಂದ ಮಾತು ಅರ್ಧ ಅರ್ಥವಾದರೂ ವಿಷಯ ಸಿಗುತ್ತದೆ.

ಅದಕ್ಕಿಂತ ಮೊದಲು ನಿಮಗೆ ಬಾಯಿಪಾಠವಾಗಿರುವ ಒಂದು ಕನ್ನಡ ಸಿನಿಮಾದ ಮೂರು ನಿಮಿಷ ತೆಗೆದುಕೊಳ್ಳಿ. ಶಬ್ದ ತೆಗೆದು, ಪ್ರತಿ ಕಟ್‌ಗೂ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಿರಿ. 36 ಶಾಟ್ ಬಂದರೆ 180 ಸೆಕೆಂಡಿಗೆ ಸರಾಸರಿ 5 ಸೆಕೆಂಡ್. ಹಾಗಾದರೆ ಯಾವ ಶಾಟ್ 15 ಸೆಕೆಂಡ್ ನಿಂತಿತು, ಯಾಕೆ ನಿಂತಿತು? ನಾವು ಎಡಿಟಿಂಗ್ ರೂಮಿನಲ್ಲಿ ದಿನವೂ ಜಗಳ ಆಡುವುದು ಇದಕ್ಕೇ. ಸಿನಿಮೆಟ್ರಿಕ್ಸ್ ಅನ್ನುವ ತಾಣದಲ್ಲಿ ಇದೇ ಲೆಕ್ಕವನ್ನು ಸಾವಿರಾರು ಚಿತ್ರಗಳಿಗೆ ಮಾಡಿಟ್ಟಿದ್ದಾರೆ.

ಇನ್ನೊಬ್ಬರ ಪ್ರಶ್ನೆ: ಸರ್ಟಿಫಿಕೇಟ್ ಸಿಗುವಂಥದ್ದು ಇದೆಯಾ?

ಉತ್ತರ: ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ 'ಸ್ವಯಂ'ನಲ್ಲಿ ಸಿನಿಮಾ ಕೋರ್ಸುಗಳು ಬರುತ್ತಿರುತ್ತವೆ. ಕಲಿಯಲು ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ.

ಮೊದಲು ಕೇಳಿದವರು: ಸರ್, ಲುಮಿಯೇರ್ ನೋಡಿದೆ. ಎರಡನೇ ಸಲಕ್ಕೆ ನಾಯಿ ಕಂಡಿತು. ಆರನೇ ಸಲಕ್ಕೆ, ಯಾರೂ ಕ್ಯಾಮೆರಾ ಕಡೆ ನೋಡುತ್ತಿಲ್ಲ, ಎಲ್ಲರೂ ಎಡಕ್ಕೆ ಬಲಕ್ಕೆ ಸರಿದುಹೋಗುತ್ತಾರೆ ಅನ್ನಿಸಿತು. ಹೀಗೆ ಮಾಡಿ ಅಂತ ಅವರಿಗೆ ಯಾರಾದರೂ ಹೇಳಿಕೊಟ್ಟಿದ್ದರಾ?

ಉತ್ತರ: ಭೇಷ್! ಇದೇ ಬೇಕಾಗಿತ್ತು. ಈ ಲುಮಿಯೇರ್ ಚಿತ್ರಕ್ಕೆ ಮೂರು ಆವೃತ್ತಿಗಳಿವೆ. ಒಂದರಲ್ಲಿ ಗಾಡಿಗೆ ಒಂದು ಕುದುರೆ, ಒಂದರಲ್ಲಿ ಎರಡು, ಇನ್ನೊಂದರಲ್ಲಿ ಕುದುರೆಯೇ ಇಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟು ಜನರ ಬಟ್ಟೆ ನೋಡಿ, ನೆಲದ ಮೇಲಿನ ನೆರಳು ನೋಡಿ. ಬೇರೆ ಬೇರೆ ದಿನ ಅವರನ್ನು ಅದೇ ಗೇಟಿನಿಂದ ಮತ್ತೆ ಹೊರಗೆ ಬರಲು ಹೇಳಿದ್ದಾರೆ. ಹೋಲಿಸಿ ನೋಡಿ ಇಲ್ಲೇ ಬರೆಯಿರಿ, ನಾನು ಕಾಯುತ್ತಿರುತ್ತೇನೆ.