ಕಾರಿನ ಕ್ಲಚ್ ಬದಲಿಸಲು ನಿಮಗೆಷ್ಟು ಖರ್ಚಾಯಿತು?

ಶಿವಮೊಗ್ಗದಿಂದ ಕೇಳುತ್ತಿದ್ದೇನೆ. ನಮ್ಮದು 2015ರ ಪೆಟ್ರೋಲ್ ವ್ಯಾಗನ್ ಆರ್, 86,000 ಕಿ.ಮೀ. ಓಡಿದೆ. ಹೋದ ವಾರ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಅರಚಿಕೊಂಡಿತೇ ಹೊರತು ಕಾರು ಮೇಲೇರಲಿಲ್ಲ. ಒಳಗೆಲ್ಲ ಸುಟ್ಟ ವಾಸನೆ. ಅಧಿಕೃತ ಸರ್ವಿಸ್ ಕೇಂದ್ರದವರು 11,600 ರೂಪಾಯಿ ಹೇಳಿದ್ದಾರೆ. ಮನೆ ಹತ್ತಿರದ ಗ್ಯಾರೇಜಿನಲ್ಲಿ 7,500 ಎನ್ನುತ್ತಾರೆ. ಕ್ಲಚ್ ಪ್ಲೇಟ್ ಒಂದನ್ನೇ ಹಾಕಿದರೆ 4,500ಕ್ಕೆ ಮುಗಿಯುತ್ತದಂತೆ. ಮಗಳ ಕಾಲೇಜು ಶುಲ್ಕ ಕಟ್ಟಬೇಕಾದ ತಿಂಗಳು ಇದು. ಯಾವ ದಾರಿ ಹಿಡಿಯಲಿ?

ಹಾಸನದಿಂದ

ಸರ್, 4,500ರ ದಾರಿಯೊಂದನ್ನು ಬಿಟ್ಟುಬಿಡಿ. 2019ರಲ್ಲಿ ನಾನು ಅದನ್ನೇ ಹಿಡಿದು ಎರಡೆರಡು ಸಲ ಹಣ ಕೊಟ್ಟಿದ್ದೇನೆ.

ನಮ್ಮದೂ ಚಿಕ್ಕ ಪೆಟ್ರೋಲ್ ಕಾರೇ. 3,800 ರೂಪಾಯಿಗೆ ಪ್ಲೇಟ್ ಮಾತ್ರ ಬದಲಿಸಿದರು. ಏಳು ತಿಂಗಳಾಗುವಷ್ಟರಲ್ಲಿ ಮೊದಲ ಗೇರಿನಲ್ಲಿ ಕಾರು ಗಡಗಡ ನಡುಗತೊಡಗಿತು. ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಯಿತು. ಈ ಸಲ ಬೇರೆ ಮೆಕ್ಯಾನಿಕ್. ಅವರು ಹಳೆಯ ಪ್ರೆಷರ್ ಪ್ಲೇಟನ್ನು, ಅಂದರೆ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಭಾಗವನ್ನು, ನನ್ನ ಕೈಗಿಟ್ಟು ಬಿಸಿಲಿಗೆ ಹಿಡಿಯಲು ಹೇಳಿದರು. ಉಕ್ಕಿನ ಮೈಮೇಲೆ ಅಲ್ಲಲ್ಲಿ ನವಿಲುಗರಿಯಂಥ ನೀಲಿ ಕಲೆಗಳು, ಕಾದು ಕಾದು ಎದ್ದ ಕಲೆಗಳು. ಉಗುರು ಆಡಿಸಿದರೆ ಗೀರುಗಳು ತಡೆಯುತ್ತಿದ್ದವು. ಅಂಥ ಏರುಪೇರು ಮೈಗೆ ಹೊಸ ಪ್ಲೇಟನ್ನು ಒತ್ತಿಟ್ಟರೆ ಅದಾದರೂ ಎಷ್ಟು ದಿನ ತಾಳೀತು? ಎರಡನೆಯ ಸಲ ಪ್ಲೇಟ್, ಪ್ರೆಷರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರನ್ನೂ ಹಾಕಿಸಿದೆ. ಕೂಲಿ ಸೇರಿ 6,400 ಆಯಿತು. ಅದಾದ ಮೇಲೆ ಆ ಕಡೆ ಕೈಹಾಕುವ ಪ್ರಸಂಗವೇ ಬಂದಿಲ್ಲ.

ಈ ಕೆಲಸದಲ್ಲಿ ನೀವು ಕೂಲಿ ಕೊಡುವುದೇ ಗೇರ್‌ಬಾಕ್ಸ್ ಇಳಿಸಿ ಏರಿಸುವುದಕ್ಕೆ. ಚಕ್ರ ಬಿಚ್ಚಬೇಕು, ಗೇರ್ ಆಯಿಲ್ ಇಳಿಸಬೇಕು, ಡ್ರೈವ್ ಶಾಫ್ಟ್ ಎಳೆಯಬೇಕು. ಒಂದು ಭಾಗ ಹಾಕಿದರೂ ಮೂರು ಹಾಕಿದರೂ ಈ ದುಡಿಮೆ ಅಷ್ಟೇ. ಕೆಲವು ನೂರು ರೂಪಾಯಿಯ ಬೇರಿಂಗನ್ನು ಉಳಿಸಲು ಹೋದರೆ, ಅದು ಸದ್ದು ಮಾಡಿದ ದಿನ ಆ ಕೂಲಿಯನ್ನೆಲ್ಲ ಮತ್ತೆ ತೆರಬೇಕಾಗುತ್ತದೆ. ಇಳಿಸಿದ ಹೊತ್ತಿನಲ್ಲೇ ಎಂಜಿನ್ ಹಿಂಬದಿಯ ಆಯಿಲ್ ಸೀಲ್ ಒಸರುತ್ತಿದೆಯೇ ಎಂದು ನಿಂತು ನೋಡಿ. ಅಲ್ಲಿಂದ ಎಣ್ಣೆ ಸೋರಿದರೆ ಹೊಸ ಪ್ಲೇಟೂ ಹಾಳಾಗುತ್ತದೆ. ಪ್ಲೇಟ್ ಒತ್ತಿ ಕೂರುವ ಎಂಜಿನ್ನಿನ ಚಕ್ರ, ಅಂದರೆ ಫ್ಲೈವೀಲ್ ಮೇಲೆ ಗೀರುಗಳಿದ್ದರೆ ಲೇತ್ ಅಂಗಡಿಯಲ್ಲಿ ಮೈ ಸಮ ಮಾಡಿಸಿ.

ಇದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ನಿಮ್ಮದು ಕೇಬಲ್ ಕ್ಲಚ್. ಪೆಡಲನ್ನು ಬೆರಳಿನಿಂದ ಒತ್ತಿದರೆ ಮೊದಲು ಸ್ವಲ್ಪ ಸಡಿಲವಾಗಿ ಆಡಬೇಕು. ಪ್ಲೇಟ್ ಸವೆದಂತೆ ಈ ಆಟ ಕಡಿಮೆಯಾಗುತ್ತ ಬರುತ್ತದೆ. ಆಟವೇ ಇಲ್ಲದಿದ್ದರೆ ನೀವು ಕಾಲಿಡದೆಯೂ ಕ್ಲಚ್ ಅರ್ಧ ಒತ್ತಿದಂತೆಯೇ ಇರುತ್ತದೆ, ಪ್ಲೇಟಿಗೆ ಹಿಡಿತ ಸಿಗುವುದಿಲ್ಲ. ಕೇಬಲ್ಲಿನ ನಟ್ ಸರಿಪಡಿಸಿಕೊಂಡು, ಸಮತಟ್ಟಾದ ಬಯಲಿನಲ್ಲಿ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರಿಗೆ ಹಾಕಿ ನಿಧಾನವಾಗಿ ಕ್ಲಚ್ ಬಿಡಿ. ಎಂಜಿನ್ ಥಟ್ಟನೆ ಆರಿದರೆ ಪ್ಲೇಟಿನಲ್ಲಿ ಇನ್ನೂ ಜೀವವಿದೆ. ಆರದೆ ಓಡುತ್ತಲೇ ಇದ್ದರೆ ಅದರ ಕಾಲ ಮುಗಿಯಿತು. ಒಂದು ಸಲ ಮಾತ್ರ ಮಾಡಿ. ಪದೇ ಪದೇ ಮಾಡಿದರೆ ಉಳಿದದ್ದೂ ಸುಟ್ಟುಹೋಗುತ್ತದೆ.

7,500 ಮತ್ತು 11,600ರ ನಡುವಿನ ಅಂತರ ಎಲ್ಲಿದೆ ಎಂಬುದು ಬಾಯಿಮಾತಿನಲ್ಲಿ ತಿಳಿಯುವುದಿಲ್ಲ. ಭಾಗ ಬೇರೆ, ಕೂಲಿ ಬೇರೆ, ತೆರಿಗೆ ಬೇರೆ ಬರೆಸಿಕೊಳ್ಳಿ. ಯಾವ ಕಂಪನಿಯ ಕ್ಲಚ್ ಸೆಟ್ ಎಂದು ಕೇಳಿ. ವ್ಯಾಲಿಯೊ, ಲುಕ್, ಎಕ್ಸೆಡಿ ಹೆಸರಿನ ಸೆಟ್‌ಗಳು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಕಾರು ತಯಾರಕರಿಗೂ ಕ್ಲಚ್ ಮಾಡಿಕೊಡುವವರು ಇವರು. ಪೆಟ್ಟಿಗೆಯನ್ನು ನಿಮ್ಮೆದುರಿಗೇ ಒಡೆಯಬೇಕು, ಹಳೆಯ ಭಾಗ ನಿಮ್ಮ ಕೈಗೆ ಬರಬೇಕು. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ 18ಕ್ಕೆ ಇಳಿದಿದೆ. ಎಸ್ಟಿಮೇಟಿನಲ್ಲಿ ಹಳೆಯ ಶೇ 28 ಕಂಡರೆ ಕೇಳಿಯೇ ಕೇಳಿ.

ಬೆಂಗಳೂರಿನಿಂದ

ಡೀಸೆಲ್ ಕಾರಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗಾಗಿ ಬರೆಯುತ್ತಿದ್ದೇನೆ. ನಮ್ಮ ದೊಡ್ಡ ಡೀಸೆಲ್ ಗಾಡಿಗೆ ಮೊದಲು 18,000 ಎಂದರು. ಬಿಚ್ಚಿದ ಮೇಲೆ ಫೋನ್ ಬಂತು: ಡ್ಯುಯಲ್ ಮಾಸ್ ಫ್ಲೈವೀಲ್ ಹೋಗಿದೆ, ಒಟ್ಟು 52,000 ಆಗುತ್ತದೆ. ಎರಡು ಭಾರದ ಚಕ್ರಗಳ ನಡುವೆ ಸ್ಪ್ರಿಂಗ್ ಇಟ್ಟು ಎಂಜಿನ್ನಿನ ಅದುರು ತಗ್ಗಿಸುವ ಫ್ಲೈವೀಲ್ ಅದು. ಒಳಗಿನ ಸ್ಪ್ರಿಂಗ್ ಸಡಿಲಾದರೆ ಲೇತಿಗೆ ಕೊಟ್ಟು ಪ್ರಯೋಜನವಿಲ್ಲ. ಗಾಡಿ ಬಿಚ್ಚಿ ಹಾಕಿದ್ದರು, ಒಪ್ಪದೆ ಗತಿಯಿರಲಿಲ್ಲ. ನಿಮ್ಮ ಗಾಡಿಯಲ್ಲಿ ಯಾವ ಫ್ಲೈವೀಲ್ ಇದೆ, ಹೋಗಿದ್ದರೆ ಎಷ್ಟಾಗುತ್ತದೆ ಎಂದು ಬಿಚ್ಚುವ ಮೊದಲೇ ಕೇಳಿಡಿ. ಶಿವಮೊಗ್ಗದವರೇ, ನಿಮ್ಮ ಕಾರಿಗೆ ಈ ಭಯವಿಲ್ಲ.

ಕೊಟ್ಟಿಗೆಹಾರದಿಂದ

ಅಣ್ಣ, ನಾನು ಟ್ಯಾಕ್ಸಿ ಓಡಿಸುವವನು. ದಿನ ಬೆಳಗಾದರೆ ಚಾರ್ಮಾಡಿ ಘಾಟಿ. ಆದರೂ ನನ್ನ ಕಾರಿನ ಮೊದಲ ಪ್ಲೇಟ್ 1,40,000 ಕಿ.ಮೀ. ಬಂತು. ಏರಿನಲ್ಲಿ ಲಾರಿ ಅಡ್ಡ ನಿಂತು ಸಾಲು ಕಟ್ಟಿದಾಗ ಬಹಳ ಜನ ಪೆಡಲನ್ನು ಅರ್ಧ ಒತ್ತಿ ಹಿಡಿದು, ಹಾಫ್ ಕ್ಲಚ್‌ನಲ್ಲೇ ಕಾರನ್ನು ತಡೆದು ನಿಲ್ಲಿಸುತ್ತಾರೆ. ಪ್ಲೇಟ್ ಸುಡುವುದು ಅಲ್ಲಿಯೇ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಎಡಗಾಲನ್ನು ಪೂರ್ತಿ ತೆಗೆಯಿರಿ. ಮುಂದಿನ ವಾಹನ ನಾಲ್ಕು ಮಾರು ಹೋಗುವವರೆಗೆ ಕಾದು ಒಂದೇ ಸಲ ಹೊರಡಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಮತ್ತೆ, ವಾಸನೆ ಬಂದ ಕೂಡಲೇ ಬದಿಗೆ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಿ. ಹೇಗೂ ಮನೆ ಸೇರೋಣ ಎಂದು ಒತ್ತಾಯದಿಂದ ಹತ್ತಿಸಿದರೆ ಫ್ಲೈವೀಲಿಗೂ ಪೆಟ್ಟು ಬೀಳುತ್ತದೆ.

ಶಿವಮೊಗ್ಗದಿಂದ ಮತ್ತೆ

ಎಲ್ಲರಿಗೂ ತುಂಬ ಧನ್ಯವಾದಗಳು. ಇವತ್ತು ಬೆಳಿಗ್ಗೆ ಪೆಡಲ್ ಒತ್ತಿ ನೋಡಿದೆ, ಆಟ ಒಂದಿಷ್ಟೂ ಇರಲಿಲ್ಲ. ಗ್ಯಾರೇಜಿನವರು ಬಂದು ನಟ್ ಸರಿಪಡಿಸಿಕೊಟ್ಟರು. ಆಮೇಲೆ ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟರೂ ಎಂಜಿನ್ ಆರಲಿಲ್ಲ. ಅಲ್ಲಿಗೆ ಪ್ಲೇಟ್ ಹೋಗಿರುವುದು ಖಚಿತ. ಎರಡೂ ಕಡೆ ಬರೆಸಿಕೊಂಡೆ: ಸರ್ವಿಸ್ ಕೇಂದ್ರದ ಪಟ್ಟಿಯಲ್ಲಿ ಕೇಬಲ್ ಮತ್ತು ಗೇರ್ ಆಯಿಲ್ ಸೇರಿವೆ, ಗ್ಯಾರೇಜಿನ ಪಟ್ಟಿಯಲ್ಲಿ ಅವೆರಡೂ ಇಲ್ಲ. ಸೇರಿಸಿದರೆ ಇಲ್ಲಿ 8,900 ಆಗುತ್ತದೆ. ಗ್ಯಾರೇಜಿಗೇ ಕೊಡುತ್ತಿದ್ದೇನೆ, ಮೂರೂ ಭಾಗ ಹೊಸದು. ಗುರುವಾರ ಗೇರ್‌ಬಾಕ್ಸ್ ಇಳಿಸುತ್ತಾರೆ. ಆಯಿಲ್ ಸೀಲ್ ನೋಡಲು ಅರ್ಧ ದಿನ ರಜೆ ಹಾಕಿದ್ದೇನೆ.